ಕಾಲಿನ್ಸನನ್ನು ಯಾರೂ ಕೇಳಲಿಲ್ಲ

ಹೋದ ತಿಂಗಳು ಒಂದು ಭಾನುವಾರ ಚಿಕ್ಕಮ್ಮನ ಮಗಳು ದೀಪಾಂಜಲಿ ನಗರದ ನಮ್ಮ ಮನೆಗೆ ಬಂದಿದ್ದಳು. ಮೆಟ್ರೋ ಇಳಿದು ಐದು ನಿಮಿಷ ನಡೆದರೆ ನಮ್ಮ ಮನೆ. ಕೈಯಲ್ಲಿ ಮೈಸೂರುಪಾಕಿನ ಡಬ್ಬಿ ಕಂಡಾಗಲೇ ಅಮ್ಮನಿಗೆ ವಿಷಯ ಏನೆಂದು ಗೊತ್ತಾಯಿತು. ಮದುವೆ ಗೊತ್ತಾಗಿದೆ. "ಹುಡುಗ ಹೇಗಮ್ಮ?" ಎಂದು ಅಮ್ಮ ಕೇಳಿದರೆ ಅವಳು ಹುಡುಗನ ಮನೆಯ ಬಗ್ಗೆ ಹೇಳಿದಳು. ನಾಗರಬಾವಿಯಲ್ಲಿ ಸ್ವಂತ ಮನೆ, ಮೇಲೆ ಸಾಲವಿಲ್ಲ, ಕೆಳಗಿನ ಮನೆ ಬಾಡಿಗೆಗೆ ಹೋಗಿದೆ, ಒಬ್ಬನೇ ಮಗ. "ಪ್ರೀತಿಗೀತಿ ಅಂತ ಏನೂ ಇಲ್ಲ ದೊಡ್ಡಮ್ಮ. ಆದ್ರೆ ಲೆಕ್ಕ ಸರಿಯಾಗಿ ಬರುತ್ತೆ" ಎಂದಳು. ಅಮ್ಮ ತಲೆಯಾಡಿಸಿ ಕಾಫಿಗೆ ಹಾಲಿಡಲು ಹೋದರು.

ಆಮೇಲೆ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಕೇಳಿದಳು: "ಅಕ್ಕಾ, ನಾನು ಮಾಡ್ತಿರೋದು ತಪ್ಪಾ?"

ಈ ಹುಡುಗಿ ಮೆಟ್ರೋದಲ್ಲಿ ಹೋಗುತ್ತ ಬರುತ್ತ ಓದುವುದೆಲ್ಲ ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಕಥೆಗಳು. ಬಾಲ್‌ಗೌನು, ಕುದುರೆಗಾಡಿ, ಸಾಲದಲ್ಲಿ ಮುಳುಗಿದ ಡ್ಯೂಕು, ವರದಕ್ಷಿಣೆ ಇರುವ ವ್ಯಾಪಾರಿಯ ಮಗಳು. ಅನುಕೂಲಕ್ಕೆಂದು ಮದುವೆಯಾಗುತ್ತಾರೆ, ಪುಸ್ತಕದ ಅರ್ಧ ಕಳೆಯುವಷ್ಟರಲ್ಲಿ ಪ್ರೀತಿ ಬಂದುಬಿಡುತ್ತದೆ. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳಾದ್ದರಿಂದ ಇಂಥ ವಿಷಯಕ್ಕೆ ನಾನೇ ಅಧಿಕೃತ ಎಂದು ಅವಳು ತಿಳಿದಿರಬೇಕು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವಳು ಹೋದ ಮೇಲೂ ಆ ಪ್ರಶ್ನೆ ಮನೆಯಲ್ಲೇ ಉಳಿಯಿತು. ಈ ಬರಹ ಅದರ ಹಿಂದೆ ಬಿದ್ದು ಬರೆದದ್ದು.

ಈ ಪ್ರಶ್ನೆಗೆ ಕನ್ನಡದಲ್ಲಿ ಒಂದು ದೊಡ್ಡ ಕಥೆಯಿದೆ. ತ್ರಿವೇಣಿಯವರ 'ಬೆಳ್ಳಿಮೋಡ'. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು. ಇಂದಿರೆಯಾಗಿ ಕಲ್ಪನಾ, ಮೋಹನನಾಗಿ ಕಲ್ಯಾಣ್‌ಕುಮಾರ್, ಇಂದಿರೆಯ ತಂದೆ ಸದಾಶಿವರಾಯರಾಗಿ ಅಶ್ವತ್ಥ್. ನಮ್ಮ ತಾಯಂದಿರ ತಲೆಮಾರಿಗೆ ಕಥೆ ಹೇಳಬೇಕಾಗಿಲ್ಲ. ಈಗಿನ ವಿದ್ಯಾರ್ಥಿಗಳಿಗಾಗಿ ನಾಲ್ಕು ಸಾಲು. ಮಲೆನಾಡಿನ ಎಸ್ಟೇಟಿನ ಒಬ್ಬಳೇ ಮಗಳು ಇಂದಿರೆ. ಮೋಹನ ಬುದ್ಧಿವಂತ, ಹಣವಿಲ್ಲ, ವಿದೇಶಕ್ಕೆ ಹೋಗಿ ಓದುವ ಆಸೆ. ಸದಾಶಿವರಾಯರು ಖರ್ಚು ವಹಿಸಿಕೊಳ್ಳುತ್ತಾರೆ, ಮಗಳನ್ನು ಅವನಿಗೆ ಕೊಡುವುದೆಂದು ನಿಶ್ಚಯವಾಗುತ್ತದೆ. ಅವನು ಅಮೆರಿಕದಲ್ಲಿರುವಾಗ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಮೋಹನ ಹಿಂದಿರುಗಿ ಬಂದು ನೋಡಿದರೆ ಆಸ್ತಿಗೆ ಗಂಡು ವಾರಸುದಾರ ಬಂದಿದ್ದಾನೆ. ಮದುವೆ ಬೇಡ ಎನ್ನುತ್ತಾನೆ. ಮುಂದೆ ಅವನೇ ಬಿದ್ದು ಪೆಟ್ಟಾಗಿ ಅದೇ ಮನೆಯಲ್ಲಿ ಮಲಗಬೇಕಾಗುತ್ತದೆ. ಇಂದಿರೆ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಬದಲಾಗುತ್ತದೆ. ಈ ಸಲ ಬೇಡ ಎನ್ನುವವಳು ಇಂದಿರೆ.

ಮೋಹನನನ್ನು ಕಂಡರೆ ನಮಗೆಲ್ಲ ಕೋಪ. ಆದರೆ ಅವನ ತಪ್ಪು ನಿಖರವಾಗಿ ಯಾವುದು ಎಂದು ನಾನು ತರಗತಿಯಲ್ಲಿ ಕೇಳಿದಾಗಲೆಲ್ಲ ಉತ್ತರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ದುರಾಸೆ ಎನ್ನುತ್ತಾರೆ. ಸರಿ. ಆದರೆ ಓದಿಸುವ ಖರ್ಚನ್ನೂ ಮಗಳನ್ನೂ ಒಂದೇ ತಟ್ಟೆಯಲ್ಲಿಟ್ಟು ಮುಂದೆ ಮಾಡಿದವರು ಸದಾಶಿವರಾಯರಲ್ಲವೆ? ಮೊದಲ ಬೆಲೆ ಕಟ್ಟಿದ್ದು ಅಪ್ಪ. ಅವರನ್ನು ಯಾರೂ ಬೈಯುವುದಿಲ್ಲ, ಅಶ್ವತ್ಥರ ಮುಖ ನೋಡಿದರೆ ಬೈಯಲು ಬಾಯೂ ಬರುವುದಿಲ್ಲ. ಕೊಟ್ಟ ಮಾತು ಮುರಿದ ಎನ್ನುತ್ತಾರೆ. ಅದೂ ಸರಿ. ಹಾಗಾದರೆ ಮಾತು ಮುರಿಯದೆ, ಆಸ್ತಿ ಹೋಯಿತಲ್ಲ ಎಂದು ಒಳಗೊಳಗೇ ಕೊರಗುತ್ತ ಅವಳನ್ನು ಮದುವೆಯಾಗಿದ್ದರೆ ಅವನು ಒಳ್ಳೆಯವನಾಗುತ್ತಿದ್ದನೆ? ಆ ಮದುವೆ ಇಂದಿರೆಗೆ ಬೇಕಿತ್ತೆ?

ಇಲ್ಲೊಂದು ಕಾನೂನಿನ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ತಂದೆ ಸ್ವಂತ ಸಂಪಾದನೆಯ ಆಸ್ತಿಗೆ ವಿಲ್ ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲು ಎಂದು ಅದು ಹೇಳಿತು. ಸಿನಿಮಾ ಬಂದದ್ದು ಅದಾದ 11 ವರ್ಷಕ್ಕೆ. ಆದರೂ ಥಿಯೇಟರಿನಲ್ಲಿ ಕೂತ ಒಬ್ಬರಿಗೂ, ಗಂಡುಮಗು ಹುಟ್ಟಿದ ಕೂಡಲೇ ಇಂದಿರೆಯ ಪಾಲು ಆವಿಯಾದದ್ದು ವಿಚಿತ್ರ ಅನಿಸಿರಲಿಕ್ಕಿಲ್ಲ. ಕಾಯ್ದೆ ಪುಸ್ತಕದಲ್ಲಿತ್ತು, ಲೆಕ್ಕ ಮನೆಗಳಲ್ಲಿ ನಡೆಯುತ್ತಿತ್ತು. ಆಸ್ತಿ ಹೊರಗೆ ಹೋಗಬಾರದೆಂದು ಅಕ್ಕನ ಮಗಳನ್ನೇ ತಂದುಕೊಳ್ಳುತ್ತಿದ್ದ ಊರುಗಳು ನಮ್ಮವು. ಮದುವೆ ಮತ್ತು ಗದ್ದೆ ಬೇರೆ ಬೇರೆ ವಿಷಯ ಎಂದು ನಮಗೆ ಯಾರು ಯಾವಾಗ ಹೇಳಿದ್ದರು?

ಜೇನ್ ಆಸ್ಟಿನ್‌ಳ 'ಪ್ರೈಡ್ ಅಂಡ್ ಪ್ರೆಜುಡಿಸ್' 1813ರದು. ಅದರ ಕಥೆ ಹೊರಡುವುದೂ ಇದೇ ಗೂಟದಿಂದ. ಬೆನೆಟ್ ಮನೆಯಲ್ಲಿ ಐದು ಹೆಣ್ಣುಮಕ್ಕಳು. ವರ್ಷಕ್ಕೆ 2000 ಪೌಂಡ್ ಹುಟ್ಟುವ ಆಸ್ತಿ. ಗಂಡುಮಗ ಇಲ್ಲದ್ದರಿಂದ ಅಪ್ಪ ಕಣ್ಮುಚ್ಚಿದ ದಿನ ಅದೆಲ್ಲ ದೂರದ ನೆಂಟ ಕಾಲಿನ್ಸ್ ಎಂಬ ಪಾದ್ರಿಗೆ. ನಮ್ಮಲ್ಲಿ ತಮ್ಮ ಹುಟ್ಟಿ ಮಗಳ ಬೆಲೆ ಬಿತ್ತು, ಅಲ್ಲಿ ತಮ್ಮ ಹುಟ್ಟದೆ ಬಿತ್ತು. ಕಾಲಿನ್ಸ್ ಬಾಯಿಬಡುಕ, ದೊಡ್ಡವರ ಮುಂದೆ ಹಲ್ಲು ಗಿಂಜುವವನು, ಯಾವ ಕೆಟ್ಟತನವೂ ಇಲ್ಲದ ಪೆದ್ದ. ಎಲಿಜಬೆತ್ ಅವನನ್ನು ಒಲ್ಲೆ ಎಂದಳು. ಮೂರು ದಿನದೊಳಗೆ ಅವಳ ಗೆಳತಿ ಶಾರ್ಲಟ್ ಅವನಿಗೆ ಒಪ್ಪಿಗೆ ಕೊಟ್ಟಳು. ಅವಳಿಗೆ 27 ವರ್ಷ, ರೂಪವಿಲ್ಲ, ಹಣವಿಲ್ಲ. ತಂಗಿಯರಿಗೆ ದಾರಿ ತೆರೆಯಿತೆಂದು ಸಂತೋಷ, ತಮ್ಮಂದಿರಿಗೆ ಮದುವೆಯಾಗದ ಅಕ್ಕನನ್ನು ಸಾಕುವ ಭಾರ ತಪ್ಪಿತೆಂದು ಸಮಾಧಾನ. ಈ ವಿವರವನ್ನು ಓದುವಾಗ ಆಸ್ಟಿನ್ ಹ್ಯಾಂಪ್‌ಶೈರಿನವಳೋ ಹಾಸನದವಳೋ ಎಂದು ನನಗೆ ಅನುಮಾನ ಬರುತ್ತದೆ.

ಆಸ್ಟಿನ್‌ಳ ಸ್ವಂತ ಬದುಕಿನಲ್ಲೂ ಇಂಥದೇ ಒಂದು ರಾತ್ರಿ ಬಂದಿತ್ತು. 1802ರ ಡಿಸೆಂಬರಿನಲ್ಲಿ ಹ್ಯಾರಿಸ್ ಬಿಗ್-ವಿದರ್ ಎಂಬ ಜಮೀನುದಾರರ ಮಗ ಅವಳನ್ನು ಮದುವೆಗೆ ಕೇಳಿದ. ಅವಳಿಗೆ 27 ತುಂಬಲು ಕೆಲವೇ ದಿನ. ಸಂಜೆ ಹೂಂ ಎಂದಳು. ಬೆಳಿಗ್ಗೆ ಎದ್ದು ಇಲ್ಲ ಎಂದಳು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ಅವಳು, ಅಕ್ಕ, ತಾಯಿ ಮೂವರೂ ಅಣ್ಣತಮ್ಮಂದಿರು ಕೊಟ್ಟದ್ದರಲ್ಲಿ, ಊರಿಂದೂರಿಗೆ, ಬಾಡಿಗೆಮನೆಯಿಂದ ನೆಂಟರ ಮನೆಗೆ ಅಲೆದರು. ನೆಲೆ ಸಿಕ್ಕಿದ್ದು 1809ರಲ್ಲಿ, ಅಣ್ಣನೊಬ್ಬ ಬಿಟ್ಟುಕೊಟ್ಟ ಮನೆಯಲ್ಲಿ. ಆ ರಾತ್ರಿ ಅವಳು ಏನು ಯೋಚಿಸಿದಳೋ. ಆದರೆ ಒಲ್ಲೆ ಎಂದವಳ ಕೈಯಲ್ಲಿ ಹೂಂ ಎಂದ ಶಾರ್ಲಟ್ ಹುಟ್ಟಿದಳು, ಮತ್ತು ಆಸ್ಟಿನ್ ಅವಳನ್ನು ಶಿಕ್ಷಿಸಲಿಲ್ಲ. ಎಲಿಜಬೆತ್ ಅವಳ ಮನೆಗೆ ಹೋಗಿ ನೋಡಿದರೆ ಮನೆ ಒಪ್ಪವಾಗಿದೆ. ಗಂಡನಿಗೆ ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಶಾರ್ಲಟ್ ಹುರಿದುಂಬಿಸುತ್ತಾಳೆ. ತಾನು ಕೂರಲು ಹಿಂದಿನ ಕೋಣೆಯನ್ನೇ ಆರಿಸಿಕೊಂಡಿದ್ದಾಳೆ. ಮುಂದಿನದು ಚೆನ್ನಾಗಿದ್ದರೆ ಅವನು ಅಲ್ಲಿಗೇ ಬಂದು ಕೂರುತ್ತಾನಲ್ಲ.

ಹಾಗಾದರೆ ಮೋಹನನ ಮೇಲೆ ಕೋಪ, ಶಾರ್ಲಟ್ ಮೇಲೆ ಕನಿಕರ, ಯಾಕೆ? ಅವಳದು ಗತಿಗೇಡು, ಇವನದು ಹಂಬಲ ಎನ್ನಬಹುದು. ಇದರಲ್ಲಿ ಬಹಳ ಸತ್ಯವಿದೆ. ಇಂಗ್ಲೆಂಡಿನ ಮದುವೆಯಾದ ಹೆಂಗಸರಿಗೆ ಸ್ವಂತ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳುವ ಹಕ್ಕು ಸರಿಯಾಗಿ ಸಿಕ್ಕಿದ್ದು 1882ರ ಕಾಯ್ದೆಯಿಂದ. ಶಾರ್ಲಟ್‌ಗೆ ಮದುವೆ ಒಂದೇ ಉದ್ಯೋಗ. ಆದರೆ ಈ ಉತ್ತರ ನನ್ನ ತಂಗಿಗೆ ಒದಗುವುದಿಲ್ಲ. ಅವಳಿಗೆ ಸಂಬಳವಿದೆ, ನನಗಿಂತ ಜಾಸ್ತಿಯೇ. ಅವಳು ಗತಿಗೆಟ್ಟವಳಲ್ಲ, ಈ ಊರಿನಲ್ಲಿ ಸಂಬಳದವರಿಗೂ ಸ್ವಂತ ಸೂರು ಎಂಬುದು ಇಪ್ಪತ್ತು ವರ್ಷದ ಇಎಂಐ ಎಂಬುದನ್ನು ಅರಿತವಳು, ಅಷ್ಟೆ. ಇದನ್ನು ಗತಿಗೇಡು ಎನ್ನುವುದೋ ಹಂಬಲ ಎನ್ನುವುದೋ?

ಇನ್ನೊಂದು ಉತ್ತರ ನನಗೆ ಬಹುಕಾಲ ಇಷ್ಟವಾಗಿತ್ತು. ಲೆಕ್ಕ ಹಾಕುವುದು ತಪ್ಪಲ್ಲ, ಲೆಕ್ಕವನ್ನು ಪ್ರೀತಿ ಎಂದು ಹೇಳಿ ಸಾಗಿಸುವುದು ತಪ್ಪು. ಮೋಹನ ಇಂದಿರೆಗೆ ಮಾಡಿದ ಗಾಯ ಮದುವೆ ಮುರಿದದ್ದಲ್ಲ. ಮುರಿದ ದಿನ ಅವಳ ಹಿಂದಿನ ದಿನಗಳೆಲ್ಲ ಬೇರೆಯಾದವು. ಬೆಟ್ಟದ ಮೇಲೆ ಆಡಿದ ಮಾತುಗಳನ್ನು ಅವಳು ಮತ್ತೊಮ್ಮೆ ಕೇಳಿಸಿಕೊಳ್ಳಬೇಕಾಯಿತು: ಇದು ನನಗೆ ಹೇಳಿದ್ದೋ, ತೋಟಕ್ಕೆ ಹೇಳಿದ್ದೋ? ಮುಂದಿನ ದಿನಗಳನ್ನು ಕಳೆದುಕೊಂಡವರು ಹೇಗೋ ಚೇತರಿಸಿಕೊಳ್ಳುತ್ತಾರೆ. ಕಳೆದ ದಿನಗಳನ್ನೇ ಕಿತ್ತುಕೊಂಡರೆ ಕಷ್ಟ. ಕೊನೆಗೆ ಮೋಹನ ನಿಜವಾಗಿಯೇ ಬದಲಾಗಿ ಬಂದರೂ ಇಂದಿರೆ ಒಪ್ಪದಿರುವುದು ಹಟವೆಂದು ನನಗೆ ಅನಿಸುವುದಿಲ್ಲ. ಅವನ ಪ್ರೀತಿಯ ಮಾತನ್ನು ನಂಬಲು ಬೇಕಾದ ಕಿವಿಯನ್ನೇ ಅವನು ಕೆಡಿಸಿದ್ದ.

ಈ ಉತ್ತರವನ್ನು ಶಾರ್ಲಟ್‌ಗೆ ಹಚ್ಚಿ ನೋಡಿ, ಅದು ಕುಂಟುತ್ತದೆ. ಅವಳು ಎಲಿಜಬೆತ್‌ಗೆ ಎಲ್ಲವನ್ನೂ ಬಿಚ್ಚಿ ಹೇಳುತ್ತಾಳೆ. ಗಂಡನಿಗೆ? ಅವನು ದಾರಿಯಲ್ಲಿ ಬರುವುದನ್ನು ಕಿಟಕಿಯಿಂದ ಕಂಡು, ಆಕಸ್ಮಿಕವಾಗಿ ಸಿಕ್ಕಂತೆ ಎದುರಿಗೆ ಹೋದವಳು ಅವಳು. ತಾವಿಬ್ಬರೂ ಒಬ್ಬರಿಗಾಗಿ ಒಬ್ಬರು ಹುಟ್ಟಿದವರು ಎಂದೇ ಕಾಲಿನ್ಸ್ ಕೊನೆತನಕ ನಂಬಿದ್ದಾನೆ. ಅಂದರೆ ಮೋಹನನ ಸುಳ್ಳಿಗಿಂತ ಇವಳದು ಉದ್ದದ ಸುಳ್ಳು, ಜೀವಮಾನದ್ದು. ನಾವು ಅದನ್ನು ಸುಳ್ಳೆಂದು ಎಣಿಸುವುದೇ ಇಲ್ಲ. ಕಾರಣ, ಕಾಲಿನ್ಸ್ ಪೆದ್ದ. ಪೆದ್ದನನ್ನು ಯಾಕೆ ಮದುವೆಯಾದರು ಎಂದು ನಾವು ಇನ್ನೂರು ವರ್ಷದಿಂದ ಚರ್ಚಿಸುತ್ತಿದ್ದೇವೆ. ಲಾಭಕ್ಕಾಗಿ ಮದುವೆಯಾಗಿಸಿಕೊಂಡವನಿಗೆ ಹೇಗಿರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಎಂ.ಎ. ಓದುವಾಗ ಶಾರ್ಲಟ್ ಬಗ್ಗೆ ನಾನೂ ಪುಟಗಟ್ಟಲೆ ಬರೆದಿದ್ದೇನೆ. ಅದರಲ್ಲಿ ಕಾಲಿನ್ಸ್ ಬರುವುದು ನಗಿಸಲಿಕ್ಕೆ.

ನನ್ನ ತಂಗಿ ಓದುವ ಈಗಿನ ಪ್ರೇಮಕಾದಂಬರಿಗಳು ಈ ಮುಜುಗರದಿಂದ ಸುಲಭವಾಗಿ ಪಾರಾಗುತ್ತವೆ. ಅಲ್ಲಿ ಅನುಕೂಲಕ್ಕೆಂದು ಕಟ್ಟಿಕೊಂಡವನೇ ಪ್ರೀತಿಗೂ ತಕ್ಕವನಾಗಿರುತ್ತಾನೆ. ಪ್ರೀತಿಯೋ ಸೂರೋ ಎಂದು ಆರಿಸುವ ಸಂಕಟ ನಾಯಕಿಗೆ ಬರುವುದೇ ಇಲ್ಲ. ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಇದನ್ನು ಕಲಿಸಿದ್ದೂ ಆಸ್ಟಿನ್‌ಳೇ ಅನ್ನಿ. ಎಲಿಜಬೆತ್‌ಗೆ ಕೊನೆಗೆ ಸಿಗುವ ಡಾರ್ಸಿಯ ಆದಾಯ ವರ್ಷಕ್ಕೆ 10,000 ಪೌಂಡ್. ಅವನ ಮೇಲೆ ಯಾವಾಗ ಮನಸ್ಸಾಯಿತು ಎಂದು ಅಕ್ಕ ಕೇಳಿದರೆ, ಅವನ ಬಂಗಲೆಯ ತೋಟ ನೋಡಿದಾಗಿನಿಂದ ಎಂದು ಅವಳು ತಮಾಷೆ ಮಾಡುತ್ತಾಳೆ. ತಮಾಷೆಯೇ. ಆದರೆ ಆ ತೋಟ ಇಲ್ಲದಿದ್ದರೆ ಎಂಬ ಪ್ರಶ್ನೆಗೆ ಕಾದಂಬರಿ ಜಾಗ ಕೊಡುವುದಿಲ್ಲ.

ಆ ಪ್ರಶ್ನೆಯನ್ನು ಕನ್ನಡದಲ್ಲಿ ಮುಖಕ್ಕೆ ಹೊಡೆದಂತೆ ಕೇಳಿದ್ದು ಒಂದು ನಾಟಕ. ಕಾರ್ನಾಡರ 'ಯಯಾತಿ', 1961. ಪುರು ತನ್ನ ಯೌವನವನ್ನು ಅಪ್ಪನಿಗೆ ಕೊಟ್ಟು ಮುದುಕನಾದಾಗ ಅವನ ಹೊಸ ಹೆಂಡತಿ ಚಿತ್ರಲೇಖೆ ಗಂಡನ ತ್ಯಾಗಕ್ಕೆ ಕೈಮುಗಿದು ನಿಲ್ಲುವುದಿಲ್ಲ. ನಾನು ವರಿಸಿದ್ದು ಆ ಯೌವನವನ್ನು, ಅದು ಈಗ ನಿಮ್ಮಲ್ಲಿದೆ, ಹಾಗಾದರೆ ನನ್ನನ್ನೂ ನೀವೇ ತೆಗೆದುಕೊಳ್ಳಿ ಎಂಬ ಅರ್ಥದಲ್ಲಿ ಮಾವನನ್ನೇ ಕೇಳುತ್ತಾಳೆ. ಯಯಾತಿ ಬೆಚ್ಚುತ್ತಾನೆ, ಓದುವ ನಾವೂ. ಆದರೆ ಅವಳ ತರ್ಕದಲ್ಲಿ ಬಿರುಕೆಲ್ಲಿದೆ ತೋರಿಸಿ ನೋಡೋಣ. ಎಸ್ಟೇಟನ್ನು ನೋಡಿ ಮದುವೆಯಾದರೆ ಲೋಭ, ಯೌವನವನ್ನೋ ರೂಪವನ್ನೋ ಜಾಣತನವನ್ನೋ ನೋಡಿ ಮದುವೆಯಾದರೆ ಪ್ರೇಮ. ಈ ವಿಂಗಡಣೆಯನ್ನು ಯಾರು ಮಾಡಿದರು? ಎಲ್ಲವೂ ಕೈಬಿಟ್ಟು ಹೋಗಬಹುದಾದ ವಸ್ತುಗಳೇ. ಎಸ್ಟೇಟು ತಮ್ಮನಿಗೆ ಹೋಗುತ್ತದೆ, ಯೌವನ ಅಪ್ಪನಿಗೆ ಹೋಗುತ್ತದೆ. ಹೋದ ಮೇಲೆ ಉಳಿದ ಮನುಷ್ಯನನ್ನು ಏನು ಮಾಡುವುದು ಎಂಬಲ್ಲಿಗೆ ಎರಡೂ ಬಂದು ನಿಲ್ಲುತ್ತವೆ.

ಇಷ್ಟು ದೂರ ಬಂದ ಮೇಲೆ ಮನೆಯ ವಿಷಯ ಬಚ್ಚಿಡುವುದು ಸರಿಯಲ್ಲ.

ಅಮ್ಮ ಅಪ್ಪನನ್ನು ಮದುವೆಯಾದದ್ದು 1984ರಲ್ಲಿ, ಕೆಲಸ ನೋಡಿ. ಅಪ್ಪ ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಪರ್ಮನೆಂಟ್ ಆಗಿದ್ದರು. ಪಿ.ಎಫ್., ಇ.ಎಸ್.ಐ. ಕಾರ್ಡು, ವರ್ಷಕ್ಕೊಮ್ಮೆ ಬೋನಸ್. ಅಮ್ಮನ ಊರಲ್ಲಿ ಮಳೆ ನಂಬಿದ ಹೊಲ, ಮನೆ ತುಂಬ ಜನ. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಇಲ್ಲ. ದೇಶಕ್ಕೆಲ್ಲ ಅನ್ವಯಿಸುವಂತೆ 2005ರಲ್ಲಿ ತಿದ್ದುಪಡಿ ಬರುವ ಹೊತ್ತಿಗೆ ಮಾವಂದಿರು ಪಾಲುಪಟ್ಟಿ ಮಾಡಿಕೊಂಡು ರಿಜಿಸ್ಟರ್ ಮಾಡಿಸಿ ವರ್ಷಗಳಾಗಿದ್ದವು. ಹೀಗೆ ಎರಡು ಕಾನೂನುಗಳ ಸಂದಿಯಲ್ಲಿ ಅಮ್ಮ ಉಳಿದುಬಿಟ್ಟರು.

ನಾನು ಹೈಸ್ಕೂಲಿನಲ್ಲಿದ್ದಾಗ ಕಾರ್ಖಾನೆಗೆ ಬೀಗ ಬಿತ್ತು. ಹದಿನಾಲ್ಕು ತಿಂಗಳು ಸಂಬಳವಿಲ್ಲ. ಅಮ್ಮ ಸೀರೆಗಳಿಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಮನೆ ನಡೆಸಿದರು. ಯಾವ ಲಾಭ ನೋಡಿ ಮದುವೆಯಾದರೋ ಅದೇ ಹೋಯಿತು, ಅವರು ಹೋಗಲಿಲ್ಲ. ಈ ಕಥೆಯನ್ನು ಹೀಗೆ ಹೇಳಿ ಮುಗಿಸಿದರೆ ಬಹಳ ಚೆನ್ನಾಗಿರುತ್ತದೆ, ನಾನು ಬಹಳ ಕಡೆ ಹಾಗೆಯೇ ಹೇಳಿದ್ದೇನೆ. ಆದರೆ ಅವರು ಹೋಗುವುದಾದರೂ ಎಲ್ಲಿಗೆ? ಇಂದಿರೆ ಮೋಹನನಿಗೆ ಬೇಡ ಎಂದಾಗ ಅವಳ ಬೆನ್ನಿಗೆ ಅಪ್ಪನ ಮನೆಯಿತ್ತು, ತೋಟವಿತ್ತು. ಸ್ವಾಭಿಮಾನಕ್ಕೂ ಒಂದು ಚಾವಣಿ ಬೇಕು. ಉಳಿದುಕೊಂಡದ್ದನ್ನೇ ಪ್ರೀತಿಗೆ ಸಾಕ್ಷಿ ಮಾಡಿದರೆ ಅದು ಅಮ್ಮನಿಗೆ ಮಾಡುವ ಅನ್ಯಾಯ. ಉಳಿದುಕೊಂಡವರಿಗೆ ಬೇರೆ ದಾರಿ ಇತ್ತೋ ಇಲ್ಲವೋ ಎಂದು ಮೊದಲು ನೋಡಬೇಕು.

2020ರ ಲಾಕ್‌ಡೌನಿನಲ್ಲಿ ಒಂದು ಮಧ್ಯಾಹ್ನ ಟಿವಿಯಲ್ಲಿ 'ಬೆಳ್ಳಿಮೋಡ' ಬಂತು. ಮೂವರೂ ಕೂತು ನೋಡಿದೆವು. ಜಾಹೀರಾತು ಬಂದಾಗ ಅಪ್ಪ ಟಿವಿಯ ಸದ್ದು ತಗ್ಗಿಸಿ, "ನನಗೆ ಕೆಲ್ಸ ಇಲ್ದಿದ್ರೆ ನೀನು ಒಪ್ತಿದ್ಯೇನೆ?" ಎಂದರು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಇರಬೇಕು.

"ಕೆಲ್ಸ ಇಲ್ದಿದ್ರೆ ನಮ್ಮಪ್ಪ ನಿಮ್ಮನೆ ಹೊಸಿಲೇ ತುಳೀತಿರ್ಲಿಲ್ಲ."

"ನಿಮ್ಮಪ್ಪನ ವಿಷಯ ಅಲ್ಲ ಕಣೇ. ನಿನ್ನ ಕೇಳಿದ್ದು."

ಅಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದರು. "ನನ್ನ ಅವತ್ತು ಯಾರು ಕೇಳಿದ್ರು? ಕೇಳಿದ್ರೂ ಇಲ್ಲ ಅಂತಿದ್ದೆ. ಒಂದನೇ ತಾರೀಕು ಸಂಬಳ ಬರೋ ಮನೆ ಅಂತಲೇ ನಾನು ಖುಷಿಯಾಗಿ ಬಂದಿದ್ದು. ನಿಮಗೆ ಗೊತ್ತಿತ್ತಲ್ರೀ."

"ಗೊತ್ತಿತ್ತು" ಎಂದರು ಅಪ್ಪ. ಸಿನಿಮಾ ಮತ್ತೆ ಶುರುವಾಯಿತು.

ಸಂಜೆ ಟೆರೇಸಿನಲ್ಲಿ ತುಳಸಿಗೆ ನೀರು ಹಾಕುತ್ತ ನನಗೆ ಮಾತ್ರ ಕೇಳುವಂತೆ, "ಒಂದು ಸುಳ್ಳು ಹೇಳಿದ್ರೆ ಅವಳ ಗಂಟೇನು ಹೋಗ್ತಿತ್ತು" ಎಂದರು.

ಸತ್ಯ ಹೇಳಿದರೆ ಸಾಕು ಎಂಬ ನನ್ನ ಇಷ್ಟದ ಉತ್ತರ ಆ ಸಂಜೆಯಿಂದ ಅಲ್ಲಾಡುತ್ತಿದೆ. ಅಪ್ಪನಿಂದ ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಅವರ ಕಳೆದ ದಿನಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಇಂದಿರೆಗಾದ ಗಾಯ ಅವರಿಗೆ ಆಗಿಲ್ಲ. ಆದರೂ ತನ್ನ ಸಂಬಳವನ್ನು ಪಕ್ಕಕ್ಕಿಟ್ಟು ಒಂದು ಸಲ, ಒಂದೇ ಒಂದು ಸಲ, ತನ್ನನ್ನು ಆರಿಸಬೇಕಿತ್ತು ಎಂಬ ಆಸೆ ಎಪ್ಪತ್ತರ ಹತ್ತಿರದ ಮನುಷ್ಯನಲ್ಲೂ ಜೀವಂತ ಇತ್ತು. ಲೆಕ್ಕದ ಮದುವೆಯಲ್ಲಿ ಮೋಸ ಇಲ್ಲದಿದ್ದರೂ ಒಂದು ಬಾಕಿ ಉಳಿಯುತ್ತದೆ, ಅದು ಮದುವೆಯಾಗಿಸಿಕೊಂಡವರ ಕಡೆ ಉಳಿಯುತ್ತದೆ. ಅಮ್ಮ ಅದನ್ನು ಬೇರೆ ನಾಣ್ಯದಲ್ಲಿ ತೀರಿಸಿದ್ದಾರೆ, ಆ ಹದಿನಾಲ್ಕು ತಿಂಗಳಲ್ಲಿ ಬಡ್ಡಿಸಮೇತ. ತೀರಿತೆಂದು ಅಪ್ಪನಿಗೆ ಅನಿಸಿದೆಯೋ ಇಲ್ಲವೋ ನಾನು ಕೇಳಿಲ್ಲ.

ತಂಗಿಗೆ ನಾನು ಕೊನೆಗೆ ಫೋನಿನಲ್ಲಿ ಹೇಳಿದ್ದು ಇಷ್ಟೆ: ತಪ್ಪೋ ಸರಿಯೋ ನನ್ನನ್ನು ಕೇಳಬೇಡ, ಅವನಿಗೆ ಗೊತ್ತಾ?

"ಏನು ಗೊತ್ತಾ?"

"ಮನೆ ನೋಡಿ ಒಪ್ಪಿದ್ದು ಅಂತ."

"ಅದನ್ನೆಲ್ಲ ಯಾರಾದ್ರೂ ಬಾಯ್ಬಿಟ್ಟು ಹೇಳ್ತಾರಾ ಅಕ್ಕಾ? ಅವ್ರ ಬಯೋಡಾಟಾದಲ್ಲೂ ಕೆಲ್ಸದಲ್ಲಿರೋ ಹುಡುಗಿನೇ ಬೇಕು ಅಂತ ಹಾಕಿದ್ರು. ನನ್ನ ಸಂಬಳ ನೋಡ್ಕೊಂಡೇ ಬಂದಿರೋದು."

ಅದೂ ನಿಜ. ಈ ಕಾಲದ ಕಾಲಿನ್ಸನ ಕೈಯಲ್ಲೂ ಕ್ಯಾಲ್ಕುಲೇಟರ್ ಇದೆ. ಇಬ್ಬರೂ ಲೆಕ್ಕ ಹಾಕಿದ್ದಾರೆ, ಇಬ್ಬರೂ ಇನ್ನೊಬ್ಬರು ಹಾಕಿಲ್ಲವೆಂಬಂತೆ ನಿಶ್ಚಿತಾರ್ಥದ ಫೋಟೋಗೆ ನಿಂತಿದ್ದಾರೆ.

ಮೊನ್ನೆ ರಾತ್ರಿ ಅವಳೇ ಮತ್ತೆ ಫೋನ್ ಮಾಡಿದಳು. ಹೇಳಿಬಿಟ್ಟಳಂತೆ. ವಿಜಯನಗರದ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ. ಸಂಬಳದ ಮಾತನ್ನೂ ಸೇರಿಸಿ. ಅವನು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದನಂತೆ. ಸ್ಪೀಕರ್ ಆನ್ ಇತ್ತು. ಅಮ್ಮ "ಹುಚ್ಚುಹುಡುಗಿ" ಎಂದು ಗೊಣಗಿ ಒಳಗೆ ಹೋದರು. ಅಪ್ಪ ಓದುತ್ತಿದ್ದ ಪೇಪರನ್ನು ಮಡಿಸಿ ಫೋನಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು.

"ಅವನೇನಂದ ಮಗಾ?" ಎಂದು ಕೇಳಿದರು.